ಹೂಂಗುಟ್ಟುವ ಗುಂಡ

ನಿವೃತ್ತನಾದ ಗಂಡ ಸುಮ್ಮನೆ ಕೂತರೆ ಅಡುಗೆಮನೆಗೆ ಬಂದು ಸಾಸಿವೆ ಡಬ್ಬಿಗಳ ಸ್ಥಾನಪಲ್ಲಟ ಮಾಡುತ್ತಾನೆ ಎಂಬ ಭಯ ನಮ್ಮ ಬೀದಿಯ ಹೆಂಗಸರಿಗೆಲ್ಲ ಇದೆ. ಹಾಗಾಗಿ ನಾನು ರೋಬೋ ಮಾಡುತ್ತೇನೆ ಎಂದಾಗ ನನ್ನಾಕೆ ಏನು ಎತ್ತ ಎಂದು ವಿಚಾರಿಸದೆ ಒಪ್ಪಿಬಿಟ್ಟಳು. ಊಟದ ಮೇಜಿನ ಮೇಲೆ ಬೆಸುಗೆ ಹಾಕಕೂಡದು ಎಂಬುದೊಂದೇ ಷರತ್ತು. ವಿಚಾರಣೆ ನಡೆಸಿದ್ದು ಅಮ್ಮ.

"ಅದು ಪಾತ್ರೆ ತೊಳೆಯುತ್ತೇನೋ?"

"ಇಲ್ಲಮ್ಮ."

"ಕಸ ಗುಡಿಸುತ್ತಾ?"

"ಇಲ್ಲ. ಮಾತಾಡಿಸಿದರೆ ತಿರುಗಿ ನೋಡುತ್ತೆ, ತಲೆ ಆಡಿಸುತ್ತೆ."

"ಅದಕ್ಕೆ ನೀನಿದ್ದೀಯಲ್ಲ," ಅಂದಳು. ಒಂದು ಗಳಿಗೆ ಬಿಟ್ಟು, "ನೀನೂ ತಿರುಗಿ ನೋಡಲ್ಲ ಬಿಡು," ಎಂದು ಸೇರಿಸಿದಳು.

ಸೋಷಿಯಲ್ ರೋಬೋ ಎಂಬ ಕುಲವೇ ಅಂಥದ್ದು. ಕೆಲಸಕ್ಕೆ ಬಾರದು, ಜತೆಗೆ ಕೂರುತ್ತದೆ. 1990ರ ದಶಕದ ಕೊನೆಗೆ ಅಮೆರಿಕದ ಎಂಐಟಿಯಲ್ಲಿ ಸಿಂಥಿಯಾ ಬ್ರಜೀಲ್ ಕಟ್ಟಿದ ಕಿಸ್ಮೆಟ್‌ಗೆ ಮೈಯೇ ಇರಲಿಲ್ಲ. ಹುಬ್ಬು, ರೆಪ್ಪೆ, ಕಿವಿ, ಕೆಂಪು ತುಟಿ ಇರುವ ಒಂದು ತಲೆ, ಅಷ್ಟೆ. ಮಾತೂ ಬರುತ್ತಿರಲಿಲ್ಲ; ಎಳೆಗೂಸಿನ ಹಾಗೆ ಏನೋ ತೊದಲುತ್ತಿತ್ತು. ಆದರೂ ಅದರ ಮುಂದೆ ಕೂತ ಮಹಾಶಯನೊಬ್ಬ ಪ್ರೇಯಸಿ ಕೊಟ್ಟ ಕೈಗಡಿಯಾರವನ್ನು ತೋರಿಸಿ ಸುಖದುಃಖ ಹೇಳಿಕೊಂಡ. ಅದೇ ಬ್ರಜೀಲ್ 2014ರಲ್ಲಿ ಜೀಬೋ ಎಂಬ ಮನೆ ರೋಬೋಗೆ ಜನರಿಂದ ಮುಂಗಡ ಹಣ ಕೂಡಿಸಿದರು. ಅದು ಮನೆಗಳಿಗೆ ಬಂದದ್ದು 2017ಕ್ಕೆ. 2019ರಲ್ಲಿ, ನನ್ನ ಸರ್ವರ್‌ಗಳು ನಿಲ್ಲಲಿವೆ, ಇಷ್ಟು ದಿನ ಇಟ್ಟುಕೊಂಡಿದ್ದಕ್ಕೆ ವಂದನೆ ಎಂದು ಜೀಬೋ ತಾನೇ ಹೇಳಿ, ಒಂದು ಕುಣಿತ ಕುಣಿದು ಬೀಳ್ಕೊಂಡಿತು. ನಮ್ಮ ನೆಂಟರಲ್ಲಿ ಹೊರಡುವಾಗ ಇಷ್ಟು ಮರ್ಯಾದೆ ಕಂಡವರು ಕಡಿಮೆ.

ಜಪಾನಿನ ಕತೆ ಅಮ್ಮನಿಗೆ ಹೆಚ್ಚು ಹಿಡಿಸಿತು. ಸೋನಿಯವರ ಐಬೋ ನಾಯಿ 1999ರಲ್ಲಿ ಹುಟ್ಟಿ, 2006ರಲ್ಲಿ ತಯಾರಿಕೆ ನಿಂತು, 2014ರಲ್ಲಿ ರಿಪೇರಿಯೂ ನಿಂತುಹೋಯಿತು. ಇನ್ನು ಏಳಲಾರದ ನಾಯಿಗಳಿಗೆ ಚೀಬಾ ಪ್ರಾಂತದ ಇಸುಮಿಯ ಬೌದ್ಧ ದೇವಾಲಯದಲ್ಲಿ ಭಿಕ್ಷುಗಳು ಮಂತ್ರ ಹೇಳಿ ಅಂತ್ಯಕ್ರಿಯೆ ಮಾಡಿದರು. ಆಮೇಲೆ ಅವುಗಳ ಬಿಡಿಭಾಗ ತೆಗೆದು ಬೇರೆ ನಾಯಿಗಳಿಗೆ ಜೋಡಿಸಿದರು. "ವೈಕುಂಠ ಸಮಾರಾಧನೆಗೆ ಎಷ್ಟು ಜನ ಬಂದಿದ್ದರಂತೆ?" ಎಂದು ಅಮ್ಮ ಕೇಳಿದ್ದು ತಮಾಷೆಗಲ್ಲ.

ಸಾಮಾನು ತರಲು ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋದೆ. ಆ ಇಕ್ಕಟ್ಟು ಗಲ್ಲಿಯಲ್ಲಿ ನರೆತ ತಲೆ ಕಂಡರೆ ಅಂಗಡಿಯವರು ಕೇಳುವುದು ಒಂದೇ: "ಮಗನ ಪ್ರಾಜೆಕ್ಟಾ ಸಾರ್? ಕೊನೇ ಸೆಮಿಸ್ಟರಾ?" ನನಗೇ ಎಂದರೆ ಕನಿಕರದಿಂದ ನೋಡಿ ಸ್ವಲ್ಪ ಬೆಲೆ ಇಳಿಸುತ್ತಾರೆ. ಒಂದು ರಾಸ್ಪ್‌ಬೆರಿ ಪೈ ಕಿರುಗಣಕ, ಮೈಕು, ಪುಟ್ಟ ಸ್ಪೀಕರ್, ಕತ್ತು ಆಡಿಸಲು ನೀಲಿ ಬಣ್ಣದ ಎಸ್‌ಜಿ90 ಸರ್ವೋ ಮೋಟರು. ಒಂಬತ್ತು ಗ್ರಾಂ ತೂಗುವ ಈ ಸರ್ವೋ ನೂರೆಂಬತ್ತು ಡಿಗ್ರಿ ತಿರುಗುತ್ತದೆ, ಅದಕ್ಕಿಂತ ಹೆಚ್ಚು ಜಗ್ಗಿದರೆ ಒಳಗಿನ ಪ್ಲಾಸ್ಟಿಕ್ ಹಲ್ಲು ಉದುರುತ್ತದೆ. ತಲೆಗೆ ಹಾರ್ಲಿಕ್ಸ್ ಡಬ್ಬ, ಕಣ್ಣಿಗೆ ಹೋಳು ಮಾಡಿದ ಪಿಂಗ್‌ಪಾಂಗ್ ಚೆಂಡು. ಮೂಗು ಬಾಯಿ ಅಂದಗೊಳಿಸಲು ಹೋಗಲಿಲ್ಲ. ಗೊಂಬೆ ಮನುಷ್ಯನನ್ನು ಹೋಲುತ್ತಾ ಹೋದಂತೆ ಇಷ್ಟವಾಗುತ್ತದೆ, ತೀರ ಹತ್ತಿರ ಬಂದಾಗ ಥಟ್ಟನೆ ಹೇಸಿಗೆ ಹುಟ್ಟಿಸುತ್ತದೆ ಎಂದು ಜಪಾನಿನ ರೋಬೋ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಬರೆದಿಟ್ಟಿದ್ದಾರೆ. ಅಮ್ಮ ಡಬ್ಬದ ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟು ಗುಂಡ ಎಂದು ಹೆಸರಿಟ್ಟಳು.

ಈಗ ಗುಂಡನಿಗೆ ಏನು ಕಲಿಸುವುದು? ಮಾತು ಕಲಿಸುವುದು ಸುಲಭ, ಮಾರುಕಟ್ಟೆಯಲ್ಲಿ ವಾಚಾಳಿ ಯಂತ್ರಗಳಿಗೇನೂ ಬರವಿಲ್ಲ. ನಮ್ಮ ಮನೆಯಲ್ಲಿ ಬರ ಇರುವುದು ಕೇಳುವವರಿಗೆ. ಅಜ್ಜಿ ಕತೆ ಹೇಳುವಾಗ ಮೊಮ್ಮಕ್ಕಳು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ರಾಜಕುಮಾರ ಏಳು ಸಮುದ್ರದಾಚೆಯೇ ಕಾಯುತ್ತಾ ನಿಲ್ಲುತ್ತಿದ್ದ. ಅದನ್ನೇ ಹಿಡಿದೆ. ಮೈಕು ದನಿ ಕೇಳಬೇಕು, ದನಿ ಅರ್ಧ ಸೆಕೆಂಡು ನಿಂತರೆ ಕತ್ತು ಬಗ್ಗಿಸಿ ಹೂಂ ಅನ್ನಬೇಕು. ಅರ್ಥ ತಿಳಿಯಬೇಕಾದ್ದಿಲ್ಲ. ಹೂಂಗಳನ್ನು ನಾನೇ ರೆಕಾರ್ಡ್ ಮಾಡಿದೆ: ಒಪ್ಪಿಗೆಯ ಹೂಂ, ಆಶ್ಚರ್ಯದ ಹ್ಞೂಂ, ಮುಂದೇನಾಯಿತು ಎನ್ನುವ ಎಳೆದ ಹೂಂ. "ಇಷ್ಟು ವರ್ಷಕ್ಕೆ ನಿಮ್ಮ ಬಾಯಲ್ಲಿ ಮೂರು ಥರದ ಹೂಂ ಕೇಳಿದೆ," ಅಂದಳು ನನ್ನಾಕೆ.

ಗುಂಡನಿಗೆ ಭೇದಭಾವವಿಲ್ಲ. ಕುಕ್ಕರ್ ವಿಷಲ್ ಹಾಕಿ ಸುಮ್ಮನಾದರೆ ಹೂಂ. ಮಿಕ್ಸಿ ನಿಂತರೆ ಹ್ಞೂಂ. ಧಾರಾವಾಹಿಯ ಅತ್ತೆ ಸೊಸೆಯ ಹಾಲಿಗೆ ವಿಷ ಬೆರೆಸುವ ಸಂಚು ಹೇಳಿ ಮುಗಿಸಿದಾಗ ಇವನು ತಲೆ ಬಗ್ಗಿಸಿ ಸಂಪೂರ್ಣ ಸಮ್ಮತಿ ಕೊಟ್ಟ. ಅಮ್ಮ ಇವನ ತಲೆಗೊಂದು ಮೊಟಕಿದಳು.

ಆದರೆ ಮಧ್ಯಾಹ್ನ ಮನೆ ಸದ್ದಡಗಿದ ಹೊತ್ತಿನಲ್ಲಿ ಅವಳೇ ಗುಂಡನ ಮುಂದೆ ಕೂತು, ಮದುವೆಯಾಗಿ ಬಂದ ವರ್ಷ ತೀರ್ಥಹಳ್ಳಿಯ ಮಳೆಯಲ್ಲಿ ಸೌದೆ ಒಣಗಿಸಿದ್ದು, ತನ್ನ ಬಳೆ ಅಡವಿಟ್ಟದ್ದು ಯಾರಿಗೆಂದು ಹೇಳತೊಡಗಿದಳು. ಬಳೆಯ ಸಂಗತಿ ನನಗೆ ಗೊತ್ತಿರಲಿಲ್ಲ. ಕಿವಿಯಾನಿಸಿ ಬಾಗಿಲ ಹತ್ತಿರ ನಿಂತೆ. "ನೀನು ಸ್ವಲ್ಪ ಆಚೆ ಹೋಗೋ," ಅಂದಳು.

ಎಂಐಟಿಯಲ್ಲೇ ಜೋಸೆಫ್ ವೈಜನ್‌ಬಾಮ್ 1966ರಲ್ಲಿ ಎಲೈಜಾ ಎಂಬ ಪ್ರೋಗ್ರಾಂ ಪ್ರಕಟಿಸಿದ್ದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವುದಷ್ಟೇ ಅದರ ವಿದ್ಯೆ. ಅವರ ಸೆಕ್ರೆಟರಿ, ಅದು ಪೊಳ್ಳೆಂದು ಬಲ್ಲವಳೇ, ನಾಲ್ಕು ಮಾತು ಟೈಪು ಮಾಡಿ, ದಯವಿಟ್ಟು ಸ್ವಲ್ಪ ಹೊರಗಿರುತ್ತೀರಾ ಅಂದಳಂತೆ. ವೈಜನ್‌ಬಾಮ್ ಗಾಬರಿಯಾಗಿ ಯಂತ್ರಗಳ ಮೇಲೆ ನಂಬಿಕೆ ಬೇಡವೆಂದು ಪುಸ್ತಕವನ್ನೇ ಬರೆದರು. ನಾನು ಅಷ್ಟು ದೊಡ್ಡ ಮನುಷ್ಯನಲ್ಲ, ವರಾಂಡದಲ್ಲಿ ಪೇಪರ್ ಓದಿದೆ.

ಅಲ್ಲೇ ಆದದ್ದು ಅನಾಹುತ. ಮಾರನೇ ಸಂಜೆ ನಾನು ಪೇಪರಿನ ಹಿಂದೆ ಇದ್ದಾಗ ನನ್ನಾಕೆ, "ಈ ಯುಗಾದಿಗೆ ನಮ್ಮಣ್ಣನ ಮನೆಗೆ ಹೋಗಿ ಹದಿನೈದು ದಿನ ಇದ್ದು ಬರೋಣವೇನ್ರೀ?" ಎಂದು ಕೇಳಿ ಉತ್ತರಕ್ಕೆ ಕಾದಳು. ಅರ್ಧ ಸೆಕೆಂಡು. ಶೆಲ್ಫಿನಿಂದ ಅಚ್ಚುಕಟ್ಟಾದ ಒಪ್ಪಿಗೆಯ ಹೂಂ ಬಂತು, ನನ್ನದೇ ದನಿಯಲ್ಲಿ. ರೈಲು ಟಿಕೆಟ್ ಆಗಿದೆ, ಗುಂಡನೂ ಬರುತ್ತಿದ್ದಾನೆ. ಅಣ್ಣನ ಮಾವನವರು ತಾವು ತಹಸೀಲ್ದಾರರಾಗಿದ್ದ ಕಾಲದ ಕತೆ ಹೇಳುತ್ತಾರಂತೆ, ಆ ಮನೆಯಲ್ಲಿ ಹೂಂ ಅನ್ನುವವರು ಈಗ ಯಾರೂ ಉಳಿದಿಲ್ಲವಂತೆ.