ಸಾಕ್ಷಿ ಪಕ್ಕದಲ್ಲೇ ಮಲಗಿದ್ದಾಳೆ

ಹಲ್ಲು ನೋವು ಬಂದವನು ಡಾಕ್ಟರ ಎದುರು ಬಾಯಿ ತೆರೆದರೆ ಸಾಕು. ಮಂಡಿ ನೋವಿನವನು ಪಂಚೆ ಎತ್ತಿದರೆ ಮುಗಿಯಿತು. ನಿದ್ದೆಯಲ್ಲಿ ಬರುವ ಕಾಯಿಲೆಯವನ ಪಾಡೇ ಬೇರೆ. ಕಾಯಿಲೆ ಇರುವಾಗ ಅವನಿಗೆ ಎಚ್ಚರ ಇರುವುದಿಲ್ಲ, ಎಚ್ಚರ ಇರುವಾಗ ಕಾಯಿಲೆ ಇರುವುದಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ದೋಸೆ ತಿಂದು, ತಲೆ ಬಾಚಿಕೊಂಡು ಹೋಗಿ ಕೂತರೆ ಅವನಷ್ಟು ಆರೋಗ್ಯವಂತ ಆ ಆಸ್ಪತ್ರೆಯ ಬೆಂಚಿನ ಮೇಲೆ ಇನ್ನೊಬ್ಬನಿರುವುದಿಲ್ಲ. "ಏನ್ ತೊಂದ್ರೆ?" ಅಂದರೆ ಏನು ಹೇಳುವುದು? "ರಾತ್ರಿ ತಲೆಯೊಳಗೆ ಬಾಂಬು ಸಿಡಿಯುತ್ತೆ ಸಾರ್" ಅಂತಲೇ?

ನನಗೆ ಸಿಡಿಯುತ್ತಿದ್ದದ್ದು ಅಂಥದ್ದೇ. ಕಣ್ಣಿಗೆ ಇನ್ನೇನು ಜೊಂಪು ಹತ್ತಬೇಕು, ಆಗ 'ಢಂ' ಅಂತ ಒಂದು ಸದ್ದು. ಕಿವಿಯ ಹೊರಗಿಂದ ಬಂದದ್ದಲ್ಲ, ಎರಡು ಕಿವಿಗಳ ನಡುವೆ ಎಲ್ಲೋ ಹುಟ್ಟಿದ್ದು. ನೋವಿಲ್ಲ, ಕ್ಷಣದಲ್ಲಿ ಮಾಯ. ಕೆಲವು ಸಲ ಕಣ್ಣೊಳಗೆ ಬೆಳಕು ಮಿಂಚಿದ ಹಾಗೂ ಆಗುತ್ತಿತ್ತು. ಎದ್ದು ಕೂತು ನೋಡಿದರೆ ಫ್ಯಾನು ತನ್ನ ಪಾಡಿಗೆ ತಿರುಗುತ್ತಿದೆ, ಹೆಂಡತಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ವಿನೋಬನಗರದ ಒಂದು ನಾಯಿಯೂ ಬೊಗಳುತ್ತಿಲ್ಲ. ಇಷ್ಟು ದೊಡ್ಡ ಸದ್ದಿಗೆ ನಾಯಿಯೇ ಬೊಗಳದಿದ್ದ ಮೇಲೆ ಯಾರಿಗೆ ಅಂತ ಹೇಳಿಕೊಳ್ಳುವುದು?

ಭದ್ರಾವತಿಯವರಿಗೆ ಹೇಳಿಕೊಂಡೆ. ನಾನು ನಿವೃತ್ತನಾದದ್ದು ಅಲ್ಲಿನ ಕಬ್ಬಿಣದ ಕಾರ್ಖಾನೆಯಿಂದ. 1923ರಲ್ಲಿ ಶುರುವಾದದ್ದು, ಮೊದಲ ವರ್ಷಗಳಲ್ಲಿ ಸ್ವತಃ ವಿಶ್ವೇಶ್ವರಯ್ಯನವರೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ನಿಂತು ದಡ ಹತ್ತಿಸಿದ್ದು. ಶಿವಮೊಗ್ಗಕ್ಕೆ ಬಂದು ಮನೆ ಮಾಡಿದರೂ ಆಗಾಗ ಬಸ್ಸು ಹತ್ತಿ ನ್ಯೂಟೌನ್‌ಗೆ ಹೋಗಿ ಹಳೇ ಸಹೋದ್ಯೋಗಿಗಳ ಜೊತೆ ಕೂರದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಅಲ್ಲಿ ಕೂರುವವರೆಲ್ಲ ಮೂರು ಪಾಳಿಯಲ್ಲಿ ದುಡಿದವರು. ಒಂದು ವಾರ ರಾತ್ರಿ ನಿದ್ದೆ, ಒಂದು ವಾರ ಹಗಲು ನಿದ್ದೆ, ಇನ್ನೊಂದು ವಾರ ಎರಡೂ ಅರ್ಧರ್ಧ. ನಿದ್ದೆಯ ವಿಷಯದಲ್ಲಿ ಅವರ ಅನುಭವ ಯಾವ ಮೆಡಿಕಲ್ ಕಾಲೇಜಿಗೂ ಇರಲಾರದು ಅಂತ ನನ್ನ ಲೆಕ್ಕ.

ರೋಲಿಂಗ್ ಮಿಲ್‌ನವನು, "ಅದು ಕಾರ್ಖಾನೆ ಸೈರನ್ನು ಕಣೋ, ತಲೇಲೇ ಉಳ್ಕೊಂಡಿದೆ" ಅಂದ. ಸೈರನ್ನು 'ಊಂ' ಅನ್ನುತ್ತದೆ, 'ಢಂ' ಅನ್ನುವುದಿಲ್ಲ ಅಂತ ಸ್ಟೋರ್ಸ್‌ನವನು ತಕರಾರು ತೆಗೆದ. ಮೂರನೆಯವನು ಯೋಚನೆಯೇ ಮಾಡದೆ "ಗ್ಯಾಸು" ಅಂದ. ಭದ್ರಾವತಿಯಲ್ಲಾಗಲಿ ಶಿವಮೊಗ್ಗದಲ್ಲಾಗಲಿ ಗ್ಯಾಸಿನಿಂದ ಬರಲಾರದ ಕಾಯಿಲೆ ಇನ್ನೂ ಪತ್ತೆಯಾಗಿಲ್ಲ. ಪೇಪರ್ ಮಿಲ್‌ನಿಂದ ರಿಟೈರ್ ಆದವನೊಬ್ಬ ಮಾತ್ರ ಗಂಭೀರವಾಗಿ ಹೇಳಿದ: "ನರ ವೀಕಾಗಿದೆ. ನರದ ಡಾಕ್ಟ್ರಿಗೆ ತೋರಿಸ್ಬೇಕು. ತೋರಿಸಿದ್ರೆ ಸ್ಕ್ಯಾನಿಂಗ್ ಬರೀತಾರೆ. ಸ್ಕ್ಯಾನಿಂಗ್ ಮಾಡಿಸಿದ್ರೆ ಈ ವಯಸ್ಸಲ್ಲಿ ಏನಾದ್ರೂ ಒಂದು ಸಿಕ್ಕೇ ಸಿಗುತ್ತೆ. ಅದಕ್ಕೇ ಹೇಳೋದು, ತೋರಿಸ್ಬೇಡ."

ಈ ತರ್ಕದಲ್ಲಿ ಎಲ್ಲಿ ತಪ್ಪಿದೆ ಅಂತ ನನಗೆ ಇವತ್ತಿಗೂ ಹೊಳೆದಿಲ್ಲ.

ದುರ್ಗಿಗುಡಿಯಲ್ಲಿರುವ ನಮ್ಮ ಅತ್ತೆಯವರಿಗೆ ವಿಷಯ ಮುಟ್ಟಿದಾಗ ಚಿಕಿತ್ಸೆ ಶುರುವಾಗಿಯೇ ಬಿಟ್ಟಿತು. ನೆತ್ತಿಗೆ ಹರಳೆಣ್ಣೆ, ಮಧ್ಯಾಹ್ನದ ಊಟಕ್ಕೆ ಒಂದೆಲಗದ ತಂಬುಳಿ, ಉತ್ತರಕ್ಕೆ ತಲೆ ಹಾಕಿ ಮಲಗಕೂಡದು. ತಂಬುಳಿ ಚೆನ್ನಾಗಿತ್ತು. ಮಂಚ ತಿರುಗಿಸಿದ ಮೇಲೆ ರಾತ್ರಿ ಎದ್ದಾಗಲೆಲ್ಲ ಬಾಗಿಲು ಅಂತ ತಿಳಿದು ಬೀರುವಿಗೆ ಹಾಯುತ್ತಿದ್ದೆ. 'ಢಂ' ಮಾತ್ರ ದಿಕ್ಕು ಬದಲಾದದ್ದನ್ನು ಗಮನಿಸಿದಂತೆ ಕಾಣಲಿಲ್ಲ.

ಹೀಗಿರುವಾಗ 2021ರ ಜನವರಿ 21 ಬಂತು. ರಾತ್ರಿ ಹತ್ತು ಕಳೆದಿತ್ತು, ನನಗೆ ಆಗಷ್ಟೇ ಜೊಂಪು. 'ಢಂ!' ಇವತ್ತು ಸ್ವಲ್ಪ ಜೋರಾಯಿತು ಅಂದುಕೊಂಡೆನೇ ಹೊರತು ಮಗ್ಗುಲು ಸಹ ಬದಲಿಸಲಿಲ್ಲ. ಹೆಂಡತಿ ಚೀರಿ ಎದ್ದು ಕೂತಳು. "ಮಲಕ್ಕೊಳೇ, ಏನಿಲ್ಲ, ಇದು ನನ್ನ ತಲೇದು" ಅಂತ ಸಮಾಧಾನ ಹೇಳಿದೆ. "ನಿಮ್ಮ ತಲೆ ಸಿಡಿದ್ರೆ ನಮ್ಮ ಕಿಟಕಿ ಗಾಜು ಯಾಕ್ರೀ ಅದುರುತ್ತೆ?" ಅಂದಳು. ಹೊರಗೆ ಇಡೀ ಬೀದಿ ಲುಂಗಿ, ನೈಟಿ, ಮಂಕಿಟೋಪಿಗಳಲ್ಲಿ ನಿಂತಿತ್ತು. ಎಲ್ಲರ ಬಾಯಲ್ಲೂ ಭೂಕಂಪ. ಭದ್ರಾವತಿಯಿಂದ ಫೋನು ಬಂತು, ಅಲ್ಲೂ ಅದೇ ಕಥೆ. ಚಿಕ್ಕಮಗಳೂರು, ದಾವಣಗೆರೆ ಕಡೆಗೂ ಕೇಳಿಸಿತ್ತಂತೆ. ಊರ ಹೊರಗಿನ ಹುಣಸೋಡಿನಲ್ಲಿ ಕಲ್ಲು ಕ್ರಷರ್‌ನ ಹತ್ತಿರ ಸ್ಫೋಟಕ ತುಂಬಿದ್ದ ಲಾರಿ ಸಿಡಿದದ್ದು ಅಂತ ಆಮೇಲೆ ಗೊತ್ತಾಯಿತು. ಅಲ್ಲಿ ಕೆಲಸಕ್ಕೆ ಬಂದಿದ್ದವರು ಗುರುತು ಸಿಗದ ಹಾಗೆ ಸತ್ತಿದ್ದರು. ಹಾಗಾಗಿ ನನ್ನ ಮನೆಯ ಈ ಪ್ರಹಸನವನ್ನು ಬಹಳ ಕಾಲ ಯಾರಿಗೂ ಹೇಳುವ ಮನಸ್ಸಾಗಲಿಲ್ಲ.

ಆ ರಾತ್ರಿಯಿಂದ ಒಂದಂತೂ ಆಯಿತು. ಹೊರಗಿನ ಸದ್ದು ಯಾವುದು, ಒಳಗಿನದು ಯಾವುದು ಅಂತ ಹೇಳಲಾರದ ಮನುಷ್ಯನನ್ನು ಹಾಗೇ ಬಿಡುವುದು ಸರಿಯಲ್ಲ ಅಂತ ಮಗ ಬೆಂಗಳೂರಿನಿಂದ ಓದಿ ಓದಿ ತಿಳಿಸತೊಡಗಿದ. ಇದಕ್ಕೆ ಎಕ್ಸ್‌ಪ್ಲೋಡಿಂಗ್ ಹೆಡ್ ಸಿಂಡ್ರೋಮ್ ಅಂತ ಹೆಸರಂತೆ. 1876ರಲ್ಲೇ ಅಮೆರಿಕದ ವೈದ್ಯ ವೀರ್ ಮಿಚೆಲ್ ಇಂಥವರ ಬಗ್ಗೆ ಬರೆದಿದ್ದನಂತೆ. 1989ರಲ್ಲಿ ಪಿಯರ್ಸ್ ಅನ್ನುವ ಇಂಗ್ಲೆಂಡಿನ ನರತಜ್ಞರು 50 ರೋಗಿಗಳ ವಿವರ ಪ್ರಕಟಿಸಿದರಂತೆ. ನನಗಿಂತ ಮೊದಲೇ ಐವತ್ತು ಜನರ ತಲೆ ಸಿಡಿದು, ಅವರೆಲ್ಲ ಮಾರನೇ ದಿನ ಕಾಫಿ ಕುಡಿದಿದ್ದಾರೆ ಅಂತ ಕೇಳಿ ಎಷ್ಟು ಸಮಾಧಾನವಾಯಿತೆಂದರೆ, ಡಾಕ್ಟರ ಹತ್ತಿರ ಹೋಗುವ ವಿಚಾರವನ್ನು ಅಲ್ಲಿಗೇ ಕೈಬಿಟ್ಟೆ.

ಇದಕ್ಕೆ ವಿಜ್ಞಾನಿಗಳು ಊಹಿಸಿರುವ ಕಾರಣವೂ ನನಗೆ ಹಿಡಿಸಿತು. ನಿದ್ದೆಗೆ ಜಾರುವಾಗ ಮಿದುಳು ಪಾಳಿ ಮುಗಿದ ಕಾರ್ಖಾನೆಯ ಹಾಗೆ ಕಣ್ಣು, ಕಿವಿ, ಕೈಕಾಲುಗಳ ಒಂದೊಂದೇ ವಿಭಾಗವನ್ನು ನಿಲ್ಲಿಸುತ್ತ ಬರುತ್ತದಂತೆ. ಎಲ್ಲೋ ಒಂದು ಕಡೆ ಸ್ವಿಚ್ಚು ತಡವಾಗಿ ಬಿತ್ತೋ, ಕಿವಿಯ ವಿಭಾಗ ಒಮ್ಮೆಲೇ ಗುಡುಗಿಬಿಡುತ್ತದೆ. ಪ್ರಾಣಕ್ಕೆ ಅಪಾಯವಿಲ್ಲ. ಹೆದರಬೇಡಿ ಅಂತ ಹೇಳುವುದೇ ಹೆಚ್ಚಿನವರಿಗೆ ಚಿಕಿತ್ಸೆ.

ಹೆಂಡತಿಗೆ ಮಾತ್ರ ಸಮಾಧಾನವಾಗಲಿಲ್ಲ. ಅವಳ ದೂರು ಢಂ ಬಗ್ಗೆ ಆಗಿರಲೇ ಇಲ್ಲ. "ನಿಮ್ಮ ಸದ್ದು ನಿಮಗೆ ಕೇಳುತ್ತೆ. ನಿಮ್ಮ ಒದೆ ನನಗೆ ಬೀಳುತ್ತೆ" ಅಂದಳು. ಯಾವ ಒದೆ? ಆಗ ಹೊರಬಿತ್ತು. ನಡುರಾತ್ರಿ ಕಳೆದ ಮೇಲೆ ನಾನು ಕೈ ಬೀಸುತ್ತೇನಂತೆ, ಕಾಲು ಝಾಡಿಸುತ್ತೇನಂತೆ, "ಲ್ಯಾಡ್ಲು ಬಂತು, ಸರೀರೋ!" ಅಂತ ಕೂಗುತ್ತೇನಂತೆ. ಕಾರ್ಖಾನೆಯಲ್ಲಿ ನನ್ನ ಕೆಲಸ ಲೆಕ್ಕಪತ್ರ ವಿಭಾಗದಲ್ಲಿ. ಕಾದ ಕಬ್ಬಿಣ ತುಂಬಿದ ಲ್ಯಾಡ್ಲಿನ ಹತ್ತಿರ ಹೋದವನೇ ಅಲ್ಲ. ಒಂದು ರಾತ್ರಿ ತ್ಯಾವರೆಕೊಪ್ಪದ ಸಿಂಹಧಾಮದ ಸಿಂಹವೊಂದು ಬೇಲಿ ಹಾರಿ ನನ್ನನ್ನು ಅಟ್ಟಿಸಿಕೊಂಡು ಬಂದದ್ದು ನನಗೂ ನೆನಪಿದೆ. ಧೈರ್ಯವಾಗಿ ತಿರುಗಿ ಒಂದು ಬಿಟ್ಟೆ. ಸಿಂಹಕ್ಕೆ ತಗುಲಿತು ಅಂದುಕೊಂಡಿದ್ದು ಅವಳ ಮೊಣಕೈಗೆ ತಗುಲಿತ್ತು. ಅಲ್ಲಿಂದ ಮುಂದೆ ನಮ್ಮಿಬ್ಬರ ನಡುವೆ ಎರಡು ದಿಂಬುಗಳು ಗಡಿ ಕಾಯುತ್ತಿದ್ದವು. ಸೆಕೆಗೆ ಅಂತ ನಾನು ಭಾವಿಸಿದ್ದೆ.

ಸರಿ, ತೋರಿಸುವುದು ಅಂತ ಮನೆಯಲ್ಲಿ ತೀರ್ಮಾನವಾಯಿತು. ಎಲ್ಲಿ? ಮಗ "ನಿಮ್ಹಾನ್ಸ್" ಅಂದ. ಅತ್ತೆಯವರು ಕೂತಲ್ಲಿಂದ ಎದ್ದರು. 1974ರಲ್ಲಿ ಹುಟ್ಟಿದ ಆ ಸಂಸ್ಥೆಯ ಹೆಸರಲ್ಲೇ ಮಾನಸಿಕ ಆರೋಗ್ಯವೂ ಇದೆ, ನರವಿಜ್ಞಾನವೂ ಇದೆ. ಆದರೆ ನಮ್ಮ ನೆಂಟರಿಗೆ ಮೊದಲರ್ಧ ಮಾತ್ರ ಕೇಳಿಸುತ್ತದೆ. ಅವರು ನರಗಳ ಅರ್ಧಕ್ಕೆ ಬರುವಷ್ಟರಲ್ಲಿ ಸುದ್ದಿ ತೀರ್ಥಹಳ್ಳಿ ದಾಟಿರುತ್ತದೆ. ಕೊನೆಗೆ ಊರಿನಲ್ಲೇ ಒಬ್ಬ ನರತಜ್ಞರ ಹತ್ತಿರ ಹೋಗುವುದು ಅಂತಾಯಿತು.

ಢಂ ಬಗ್ಗೆ ಮಗ ಕಳಿಸಿದ್ದನ್ನೆಲ್ಲ ಕಂಠಪಾಠ ಮಾಡಿಕೊಂಡೇ ಹೋಗಿದ್ದೆ. ಡಾಕ್ಟರು ಅದನ್ನು ಎರಡು ನಿಮಿಷ ಕೇಳಿದರು. ಸದ್ದಿನ ಜೊತೆ ಸಿಡಿಲು ಬಡಿದಂಥ ತಲೆನೋವು ಬರುತ್ತದೆಯೇ, ಕೈಕಾಲಿನ ಶಕ್ತಿ ಹೋಗುತ್ತದೆಯೇ, ಮಾತು ತೊದಲುತ್ತದೆಯೇ ಅಂದರು. ಹೌದು ಅಂದಿದ್ದರೆ ಅವತ್ತೇ ಅಡ್ಮಿಟ್ ಮಾಡುತ್ತಿದ್ದರಂತೆ. ಇಲ್ಲ ಅಂದೆ. "ಹಾಗಿದ್ರೆ ಅದನ್ನ ಮರೆತುಬಿಡಿ" ಅಂದವರೇ ಕುರ್ಚಿಯನ್ನು ನನ್ನ ಹೆಂಡತಿಯ ಕಡೆ ತಿರುಗಿಸಿದರು. "ನೀವು ಹೇಳಿ ಅಮ್ಮ."

ಆಮೇಲೆ ಆ ಕೋಣೆಯಲ್ಲಿ ನನಗೆ ಕೆಲಸವಿರಲಿಲ್ಲ. ಒದೆಯುವಾಗ ಕಣ್ಣು ಮುಚ್ಚಿರುತ್ತಾರಾ? ಎಬ್ಬಿಸಿದರೆ ತಕ್ಷಣ ಎಚ್ಚರಾಗಿ ಕನಸು ಹೇಳುತ್ತಾರಾ? ರಾತ್ರಿಯ ಮೊದಲ ಭಾಗದಲ್ಲೋ, ಬೆಳಗಿನ ಜಾವದಲ್ಲೋ? ನಾಲಿಗೆ ಕಚ್ಚಿಕೊಂಡದ್ದು, ಹಾಸಿಗೆ ಒದ್ದೆಯಾದದ್ದು ಉಂಟಾ? ಗೊರಕೆ ನಡುವೆ ಉಸಿರು ನಿಂತದ್ದನ್ನು ನೋಡಿದ್ದೀರಾ? ಒಗ್ಗರಣೆ ವಾಸನೆ ಇವರಿಗೆ ಗೊತ್ತಾಗುತ್ತಾ? ಮಲಬದ್ಧತೆ? ಅವಳು ಒಂದಕ್ಕೂ ತಡವರಿಸಲಿಲ್ಲ. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಮಲಗಿದ್ದವಳು ಒಬ್ಬ ಗುಪ್ತಚರ ಅಧಿಕಾರಿ ಅಂತ ನನಗೆ ತಿಳಿದದ್ದೇ ಆಗ. ನಿಂತ ಉಸಿರನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದಳಂತೆ, ಹತ್ತು ದಾಟಿದರೆ ಚಿವುಟುತ್ತಿದ್ದಳಂತೆ. ಅದನ್ನು ನಾನು ಸೊಳ್ಳೆಯ ಲೆಕ್ಕಕ್ಕೆ ಬರೆದಿದ್ದೆ.

ಡಾಕ್ಟರು ನಿಧಾನವಾಗಿ ವಿವರಿಸಿದರು. ಕನಸು ಬೀಳುವ ಹೊತ್ತಿನಲ್ಲಿ ಮಿದುಳಿನ ಬುಡದಿಂದ ಕೈಕಾಲುಗಳಿಗೆ ಬೀಗ ಬೀಳುತ್ತದೆ. ಆ ಬೀಗ ಸಡಿಲವಾದರೆ ಮನುಷ್ಯ ಕನಸನ್ನು ಹಾಸಿಗೆಯ ಮೇಲೇ ಆಡಿ ತೋರಿಸುತ್ತಾನೆ. 1965ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಝೂವೆ ಅನ್ನುವ ವಿಜ್ಞಾನಿ ಬೆಕ್ಕುಗಳಲ್ಲಿ ಆ ಜಾಗಕ್ಕೆ ಗಾಯ ಮಾಡಿದಾಗ, ನಿದ್ದೆಯಲ್ಲಿದ್ದ ಬೆಕ್ಕು ಎದ್ದು ಇಲ್ಲದ ಇಲಿಯ ಮೇಲೆ ಎಗರಿತ್ತು. 1986ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಶೆಂಕ್ ಮತ್ತು ಅವರ ಸಂಗಡಿಗರು ಮನುಷ್ಯರಲ್ಲೂ ಇದನ್ನು ಗುರುತಿಸಿದರು. ಹೆಚ್ಚಾಗಿ ಕಾಣಿಸಿಕೊಳ್ಳುವುದು ಐವತ್ತು ದಾಟಿದ ಗಂಡಸರಲ್ಲಿ. ಇಂಥವರಲ್ಲಿ ಬಹಳಷ್ಟು ಮಂದಿಗೆ ವರ್ಷಗಳು ಕಳೆದ ಮೇಲೆ ಪಾರ್ಕಿನ್‌ಸನ್ ಅಥವಾ ಅದರ ಜಾತಿಯ ಕಾಯಿಲೆ ಬರುವುದುಂಟು. ಆದ್ದರಿಂದ ಇದನ್ನು ತಮಾಷೆ ಅಂತ ಬಿಡುವಂತಿಲ್ಲ.

ನನ್ನ ಮುಖ ಒಣಗಿದ್ದು ಕಂಡಿತೇನೋ, "ನಿಮಗೆ ಅದೇ ಅಂತ ಹೇಳ್ತಿಲ್ಲ. ಉಸಿರು ನಿಲ್ಲೋ ಗೊರಕೆಯವರೂ ಹೀಗೇ ಒದೀತಾರೆ. ಅದಕ್ಕೆ ಬೇರೆ ಚಿಕಿತ್ಸೆ ಇದೆ. ಯಾವುದು ಅಂತ ಗೊತ್ತಾಗ್ಬೇಕಾದ್ರೆ ಒಂದು ರಾತ್ರಿ ಮಲಗಿಸಿ ನಿದ್ದೆ ಪರೀಕ್ಷೆ ಮಾಡ್ಬೇಕು" ಅಂದರು. ಅಲ್ಲಿಯವರೆಗೆ ಮಂಚದ ಪಕ್ಕದ ಸ್ಟೂಲು, ಗಾಜಿನ ಲೋಟ ತೆಗೆಯಿರಿ, ಇಬ್ಬರೂ ಬೇರೆ ಬೇರೆ ಮಲಗಿ ಅಂದರು. ಮದುವೆಯಾದ ಮೇಲೆ ಮೊದಲ ಬಾರಿಗೆ ಡಾಕ್ಟರೊಬ್ಬರ ಮಾತನ್ನು ಅವಳು ಎರಡನೇ ಅಭಿಪ್ರಾಯ ಕೇಳದೆ ಒಪ್ಪಿದಳು.

ಭದ್ರಾವತಿಯ ಕಟ್ಟೆಯಲ್ಲಿ ಇದನ್ನೆಲ್ಲ ಹೇಳಿದೆ. ರೋಲಿಂಗ್ ಮಿಲ್‌ನವನು ಅವತ್ತು ಯಾಕೋ ಬೇಗ ಮನೆಗೆ ಹೋದ. ಮಾರನೇ ದಿನ ಅವನ ಹೆಂಡತಿ ನನ್ನ ಹೆಂಡತಿಗೆ ಫೋನು ಮಾಡಿ ಆ ಡಾಕ್ಟರ ನಂಬರು ತೆಗೆದುಕೊಂಡರು.

ಆದ್ದರಿಂದ, ಓದುಗ ಮಹಾಶಯರೇ, ನಿದ್ದೆಯ ವಿಷಯದಲ್ಲಿ ಡಾಕ್ಟರಿಗೆ ತೋರಿಸಬೇಕೋ ಬೇಡವೋ ಅಂತ ನಿಮ್ಮನ್ನೇ ನೀವು ಕೇಳಿಕೊಂಡು ಕೂರಬೇಡಿ. ಪಕ್ಕದಲ್ಲಿ ಮಲಗುವವರನ್ನು ಕೇಳಿ, ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ನಿದ್ದೆ ಪರೀಕ್ಷೆಗೆ ಬರೆದುಕೊಟ್ಟರೆ ಆ ದಿನ ನೆತ್ತಿಗೆ ಹರಳೆಣ್ಣೆ ಬೇಡ. ಪರೀಕ್ಷೆಗೆ ತಲೆಗೆ ಹಚ್ಚುವ ತಂತಿ ಅಂಟುವುದಿಲ್ಲ.