ಬ್ರೇಕ್ ಮಾವ

ನಮ್ಮ ಕಾರಿನಲ್ಲಿ ಡ್ರೈವರ್ ಕಾಲ ಕೆಳಗಿನ ಮ್ಯಾಟ್ ಇನ್ನೂ ಹೊಸದರ ಹಾಗಿದೆ. ಸವೆದು ತೂತು ಬಿದ್ದಿರುವುದು ಎಡಗಡೆ ಸೀಟಿನದು. ಅದು ಮಾವ ಕೂರುವ ಜಾಗ. ಮುಂದಿನ ಲಾರಿಯ ಹಿಂದೀಪ ಕೆಂಪಗಾದ ಕೂಡಲೇ ಅವರ ಬಲಗಾಲು ತಾನಾಗಿ ಕೆಳಗೆ ಒತ್ತುತ್ತದೆ. ಅಲ್ಲಿ ಪೆಡಲ್ ಇಲ್ಲ ಎನ್ನುವುದು ಆ ಕಾಲಿಗೆ ಹನ್ನೊಂದು ವರ್ಷವಾದರೂ ಗೊತ್ತಾಗಿಲ್ಲ. ಕಾರು ನಿಂತ ಮೇಲೆ ನನ್ನ ಕಡೆ ತಿರುಗಿ, "ಸಾಕಾ ಅಳಿಯಂದ್ರೇ, ಇನ್ನೂ ಒಂಚೂರು ಹಿಡೀಲಾ?" ಅನ್ನುವ ಮುಖ ಮಾಡುತ್ತಾರೆ.

ಇವರು ನನ್ನ ಹೆಂಡತಿಯ ಚಿಕ್ಕಪ್ಪ. ಸೇಲಂ ಜಿಲ್ಲೆಯ ಓಮಲೂರು ಕಡೆಯವರು. ಮನೆಮಾತು ಕನ್ನಡ, ಬೀದಿಮಾತು ತಮಿಳು, ಬೈಗುಳ ಮಾತ್ರ ಹೆದ್ದಾರಿಯ ಉದ್ದಕ್ಕೂ ಕಲಿತದ್ದು. ನೇಕಾರ ದೇವಾಂಗರ ಮನೆ. ಕುಣಿಮಗ್ಗದಲ್ಲಿ ಕೂತು ಹಲಗೆ ತುಳಿಯಬೇಕಾಗಿದ್ದ ಕಾಲು ಹದಿನೆಂಟನೆಯ ವಯಸ್ಸಿಗೇ ಲಾರಿ ಹತ್ತಿತು. "ಎರಡೂ ತುಳಿಯೋ ಕೆಲಸಾನೇ. ಮಗ್ಗದಲ್ಲಿ ತಪ್ಪಿದ್ರೆ ಎಳೆ ಹೋಗ್ತದೆ, ಇಲ್ಲಿ ತಪ್ಪಿದ್ರೆ ತಲೆ ಹೋಗ್ತದೆ" ಅನ್ನುತ್ತಾರೆ. ಕೆಲಸ ಬಿಟ್ಟು ಹತ್ತು ವರ್ಷವಾಯಿತು. ಕೆಲಸ ಬಿಟ್ಟಿದ್ದು ಅವರು ಮಾತ್ರ, ಕಾಲು ಬಿಟ್ಟಿಲ್ಲ.

ಬೆಂಗಳೂರಿನಿಂದ ಕೃಷ್ಣಗಿರಿ, ಧರ್ಮಪುರಿ ದಾಟಿ ಸೇಲಂಗೆ ಇಳಿಯುವ ರಸ್ತೆ ಬಲ್ಲವರಿಗೆ ತೊಪ್ಪೂರು ಘಾಟಿಯ ವಿಷಯ ಹೇಳಬೇಕಾಗಿಲ್ಲ. ಆಗ 7ನೇ ನಂಬರಾಗಿದ್ದು ಈಗ 44 ಆಗಿರುವ ಹೆದ್ದಾರಿ ಅದು. ನಂಬರು ಬದಲಾದರೂ ಇಳಿಜಾರು ಬದಲಾಗಲಿಲ್ಲ. ಪಾಳಯಂ ಟೋಲ್ ಕಳೆದ ಮೇಲೆ ರಸ್ತೆ ಸುಮ್ಮನೆ ಇಳಿಯತೊಡಗುತ್ತದೆ. ಕಡಿದಾಗಿದ್ದರೆ ಯಾರಾದರೂ ಹೆದರಿ ನಿಧಾನ ಮಾಡಿಯಾರು. ಇದು ಅಷ್ಟು ಕಡಿದೂ ಅಲ್ಲ, ಮುಗಿಯುವುದೂ ಇಲ್ಲ. ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್ ಹಾಕಿದವನ ಲಾರಿ ಇಂಜಿನ್ನಿನ ಹಿಡಿತ ಬಿಟ್ಟು ಬರೀ ಬ್ರೇಕನ್ನು ನಂಬಿಕೊಳ್ಳುತ್ತದೆ. ಒತ್ತಿ ಒತ್ತಿ ಡ್ರಮ್ ಕಾದು, ಲೈನರ್ ಹಿಡಿಯುವುದನ್ನೇ ಮರೆಯುವ ಹೊತ್ತಿಗೆ ರೆಟ್ಟೈ ಪಾಲಂ, ಅಂದರೆ ಜೋಡಿ ಸೇತುವೆ, ಎದುರಿಗೆ ಬಂದು ನಿಂತಿರುತ್ತದೆ. ಅಲ್ಲಿ ಆಗಿರುವ ಅಪಘಾತಗಳ ಬಗ್ಗೆ ಮಾವ ತಮಾಷೆ ಮಾಡುವುದಿಲ್ಲ, ನಾನೂ ಮಾಡುವುದಿಲ್ಲ. ಆ ಸೇತುವೆ ದಾಟುವಾಗ ಮಾತ್ರ ಅವರ ಬಾಯಿ ಮುಚ್ಚಿರುತ್ತದೆ, ಕಾಲು ಮ್ಯಾಟಿನ ಮೇಲಿರುತ್ತದೆ.

ಬಾಯಿ ತೆರೆಯುವುದು ಘಾಟಿ ಇಳಿದ ಮೇಲಿನ ಟೀ ಅಂಗಡಿಯಲ್ಲಿ. ದಿನಾ ಬೆಳಿಗ್ಗೆ ಮೊಪೆಡ್ ಹತ್ತಿ ಅಲ್ಲಿಗೆ ಬಂದರೆಂದರೆ, ಪರೀಕ್ಷೆ ಬರೆದು ಹೊರಗೆ ಬಂದ ಹುಡುಗರ ಉತ್ತರಪತ್ರಿಕೆ ತಿದ್ದಲು ಕೂತ ಮೇಷ್ಟರ ಹಾಗೆಯೇ. ಕೆಳಗಿಳಿದು ಬಂದ ಲಾರಿಯನ್ನು ಮೊದಲು ಮೂಗಿನಿಂದ ನೋಡುತ್ತಾರೆ. ಸುಟ್ಟ ಲೈನರಿನ ವಾಸನೆಯಲ್ಲಿ ಅವರು ಕಂಡುಹಿಡಿಯುವ ಭೇದಗಳು ಕಾಫಿ ಪುಡಿ ವ್ಯಾಪಾರಿಗೂ ಸಿಗಲಾರವು. ಆಮೇಲೆ ಟೀ ಲೋಟ ಹಿಡಿದುಕೊಂಡೇ ಎದ್ದು, ಒಂದೊಂದು ಚಕ್ರದ ಹತ್ತಿರ ಬಗ್ಗಿ, ಬೆರಳದ್ದಿ ಎರಡು ಹನಿ ಟೀಯನ್ನು ಡ್ರಮ್ಮಿನ ಮೇಲೆ ಚಿಮುಕಿಸುತ್ತಾರೆ, ಥೇಟ್ ದೋಸೆ ಕಾವಲಿಗೆ ಚಿಮುಕಿಸಿದ ಹಾಗೆ. ಚುಂಯ್ ಅಂದರೆ ತಲೆಯಾಡಿಸಿ ಮುಂದಿನದಕ್ಕೆ. ಹನಿ ಸುಮ್ಮನೆ ಜಾರಿ ಹೋದ ಚಕ್ರದ ಹತ್ತಿರ ನಿಂತುಬಿಡುತ್ತಾರೆ. "ಇವನು ಸೋಮಾರಿ. ಮಿಕ್ಕವರೆಲ್ಲ ಹಿಡಿದಿದ್ದಾರೆ, ಇವನು ಕೈ ಕಟ್ಟಿ ಕೂತಿದ್ದಾನೆ."

ಇದರಲ್ಲಿ ಹುರುಳಿದೆ ಅಂತ ಒಪ್ಪಲೇಬೇಕು. ಇಳಿಜಾರು ಇಳಿದು ಬಂದ ಗಾಡಿಯಲ್ಲಿ ತಣ್ಣಗಿರುವ ಚಕ್ರವೇ ಕೆಲಸ ಮಾಡದ ಚಕ್ರ. ಒಂದೇ ಒಂದು ಮಾತ್ರ ಮಿಕ್ಕವಕ್ಕಿಂತ ಕೆಂಡವಾಗಿದ್ದರೆ ಅದರ ಬ್ರೇಕು ಬಿಡದೆ ಹಿಡಿದುಕೊಂಡೇ ಇದೆ ಅಂತ ಅರ್ಥ. ಗಾಳಿ ಸೋರುತ್ತಿದೆಯೋ ನೋಡಲು ಬಟ್ಟೆ ಸೋಪಿನ ನೀರು ಪೈಪಿನ ಸಂದಿಗೆ ಹಚ್ಚಿ, ಗುಳ್ಳೆ ಏಳುವುದನ್ನು ಕಾಯುತ್ತಾರೆ. ಏರ್ ಟ್ಯಾಂಕಿನ ನೀರು ಬಿಟ್ಟು ಎಷ್ಟು ದಿನವಾಯಿತು ಅಂತ ಕ್ಲೀನರ್ ಹುಡುಗನನ್ನು ಕೇಳುತ್ತಾರೆ. ಹುಡುಗ ನೆಲ ನೋಡುತ್ತಾನೆ. ಕೊನೆಗೆ ಮಂತ್ರ: "ಯಾವ ಗೇರಲ್ಲಿ ಹತ್ತುತೀಯೋ ಅದೇ ಗೇರಲ್ಲಿ ಇಳಿ." ಹಣ ತೆಗೆದುಕೊಳ್ಳುವುದಿಲ್ಲ. ಟೀ ತೆಗೆದುಕೊಳ್ಳುತ್ತಾರೆ. ಅರ್ಧ ಡ್ರಮ್ಮಿಗೇ ಹೋಗುವುದರಿಂದ ಎರಡು ಟೀ.

ಇತಿಹಾಸವೂ ಅವರಿಗೆ ಬ್ರೇಕಿನ ಮೂಲಕವೇ ಬರಬೇಕು. 1790ರಲ್ಲಿ ಟಿಪ್ಪು ಸುಲ್ತಾನ್ ಜನರಲ್ ಮೆಡೋಸನ ಸೈನ್ಯದ ಕೈಗೆ ಸಿಗದೆ ಇದೇ ತೊಪ್ಪೂರು ಕಣಿವೆಯಿಂದ ಜಾರಿಕೊಂಡು ತಿರುಚಿರಾಪಳ್ಳಿ ಕಡೆಗೆ ನಡೆದ ಅಂತ ನಾನೊಮ್ಮೆ ಓದಿದ್ದನ್ನು ಹೇಳಿದೆ. ಮಾವ ಯುದ್ಧದಲ್ಲಿ ಗೆದ್ದವರು ಯಾರು ಅಂತ ಕೇಳಲಿಲ್ಲ. "ಫಿರಂಗಿ ಗಾಡಿ ಇಳಿಸಿದ್ದು ಹೇಗೆ?" ಅಂದರು. ಹಿಂದೆ ಹಗ್ಗ ಕಟ್ಟಿ ಜನ ಜಗ್ಗಿ ಹಿಡಿಯುತ್ತಿದ್ದರಂತೆ ಅಂದೆ. ತುಂಬ ಹೊತ್ತು ಯೋಚಿಸಿ, "ನ್ಯೂಟ್ರಲ್ಲೇ, ಆದ್ರೆ ಮೇಲ್ವಿಚಾರಣೆ ಚೆನ್ನಾಗಿತ್ತು" ಎಂದರು.

ಇಂಥವರು ಸುತ್ತಮುತ್ತ ಎಲ್ಲ ಊರಲ್ಲೂ ಇದ್ದಾರೆ. ಸಂಕಗಿರಿಯಲ್ಲಿ ಒಬ್ಬರು, ನಾಮಕ್ಕಲ್‌ನಲ್ಲಿ ಬೀದಿಗೊಬ್ಬರು. ಆದರೆ ನಮ್ಮ ಮಾವನ ಖ್ಯಾತಿ ಕಡಲು ದಾಟಿದ್ದು ಹೋದ ವರ್ಷ.

ಅವರ ಮಗ ಟೆಕ್ಸಾಸಿನಲ್ಲಿದ್ದಾನೆ. ಅಲ್ಲಿಯವರ ಹಾಗೆ ತಾನೂ ಒಂದು ದೊಡ್ಡ ಪಿಕಪ್ ತೆಗೆದುಕೊಂಡು, ಅದರ ಹಿಂದೆ ಮನೆಯಂಥ ಒಂದು ಟ್ರೇಲರ್ ಕಟ್ಟಿಕೊಂಡು, ರಜಾ ದಿನ ಕೆರೆ ದಂಡೆಗೆ ಹೋಗುತ್ತಾನೆ. ಮನೆ ಬಿಟ್ಟು ಹೋಗಲು ಮನೆಯನ್ನೇ ಎಳೆದುಕೊಂಡು ಹೋಗುವುದು ಯಾಕೆ ಅಂತ ಅತ್ತೆ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಒಂದು ಸಂಜೆ, ಅವನಿಗೆ ಬೆಳಿಗ್ಗೆ, ವಿಡಿಯೋ ಕಾಲ್ ಬಂತು. ಟ್ರೇಲರ್ ಹಿಂದೆಯೇ ಇದೆ, ಡ್ಯಾಶ್‌ಬೋರ್ಡ್ ಮಾತ್ರ ಟ್ರೇಲರೇ ಇಲ್ಲ ಅನ್ನುತ್ತಿದೆ, ಬ್ರೇಕೂ ಹಿಡಿಯುತ್ತಿಲ್ಲ.

"ಏರ್ ಎಷ್ಟು ತೋರಿಸ್ತಾ ಇದೆ?"

"ಏರಿಲ್ಲಪ್ಪಾ."

"ಏರಿಲ್ದೆ ಗಾಡಿ ತೆಗೆದ್ಯೇನೋ!"

"ಏರ್ ಬ್ರೇಕೇ ಅಲ್ಲಪ್ಪಾ ಇದು. ಕರೆಂಟ್ ಬ್ರೇಕು."

ಮಾವ ಫೋನನ್ನು ಕಿವಿಯಿಂದ ದೂರ ಹಿಡಿದು ನನ್ನ ಮುಖ ನೋಡಿದರು. ತಿಂಗಳಿಗೊಂದು ದಿನ ಮೆಂಟೆನೆನ್ಸ್ ಅಂತ ಬೆಳಿಗ್ಗೆ ಒಂಬತ್ತಕ್ಕೆ ತೆಗೆದ ಕರೆಂಟು ಸಂಜೆ ಐದಕ್ಕೆ ಬರುವ ಊರಿನಲ್ಲಿ ಬಾಳಿದ ಮನುಷ್ಯನಿಗೆ ಈ ಮಾತು ಹೇಗೆ ಕೇಳಿಸಿರಬೇಕು! "ಕರೆಂಟ್ ನಂಬಿ ಬ್ರೇಕ್ ಇಟ್ಕೊಂಡಿದ್ದಾರಾ?"

ಹುಡುಗ ತಾಳ್ಮೆಯಿಂದ ವಿವರಿಸಿದ. ಟ್ರೇಲರಿನ ಒಂದೊಂದು ಡ್ರಮ್ಮಿನೊಳಗೂ ಒಂದು ವಿದ್ಯುತ್ ಅಯಸ್ಕಾಂತ. ಕ್ಯಾಬಿನ್ನಿನಲ್ಲಿ ಬ್ರೇಕ್ ಒತ್ತಿದರೆ ಅದಕ್ಕೆ ಕರೆಂಟು ಹೋಗುತ್ತದೆ. ಅದು ತಿರುಗುವ ಡ್ರಮ್ಮಿಗೆ ಕಚ್ಚಿಕೊಂಡು, ಜೊತೆಗೇ ಎಳೆಸಿಕೊಂಡು ಹೋಗಿ ಒಂದು ಲಿವರ್ ತಳ್ಳುತ್ತದೆ. ಲಿವರು ಶೂಗಳನ್ನು ಅಗಲಿಸುತ್ತದೆ. ಒಂದು ಚಕ್ರಕ್ಕೆ 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್. ಎಷ್ಟು ಕರೆಂಟೋ ಅಷ್ಟು ಹಿಡಿತ. ಅದನ್ನು ಅಳೆದು ಕೊಡುವ ಕಂಟ್ರೋಲರನ್ನು ಮುಂಚೆ ಬೇರೆ ಕೊಂಡು ಸ್ಟೀರಿಂಗ್ ಕೆಳಗೆ ಬಿಗಿಸಬೇಕಿತ್ತು. ಇವನ ಗಾಡಿಯಲ್ಲಿ ಕಂಪನಿಯಿಂದಲೇ ಡ್ಯಾಶ್‌ಬೋರ್ಡಿನೊಳಗೆ ಕೂರಿಸಿ ಕಳಿಸಿದ್ದಾರೆ.

ಮಾವ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು. "ಕೊಂಡಿ ಕಳಚಿತು ಅಂತ ಇಟ್ಕೋ. ವಯರೂ ಕಿತ್ತುಹೋಯ್ತು. ಆಮೇಲೆ?"

ನನಗೆ ಮೈ ಜುಮ್ಮೆಂದಿತು. ಇಡೀ ವಿಷಯದ ಗಂಟು ಇರುವುದೇ ಅಲ್ಲಿ. 1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ರೈಲಿಗೆ ಗಾಳಿ ಬ್ರೇಕ್ ಮಾಡಿದಾಗ ಪೈಪ್ ಕಿತ್ತರೆ ಬ್ರೇಕೇ ಇರುತ್ತಿರಲಿಲ್ಲ. ಮೂರು ವರ್ಷ ಕಳೆದು ಅದನ್ನೇ ತಿರುಗುಮುರುಗು ಮಾಡಿ, ಗಾಳಿ ಹೋದರೆ ಬ್ರೇಕ್ ತಾನಾಗಿ ಹಿಡಿಯುವಂತೆ ಮಾಡಿದ. ಇವತ್ತಿನ ಲಾರಿಯಲ್ಲೂ ಗಾಳಿ ಪೂರ್ತಿ ಇಳಿದರೆ ಸ್ಪ್ರಿಂಗ್ ಬಂದು ಚಕ್ರ ಹಿಡಿದುಕೊಳ್ಳುತ್ತದೆ. ಓಮಲೂರಿನ ಮಾವ ಇದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ. ಹುಡುಗ ಟ್ರೇಲರಿನ ಮೂತಿಯ ಹತ್ತಿರ ಫೋನ್ ಹಿಡಿದು, ಒಂದು ಪುಟ್ಟ ಬ್ಯಾಟರಿಯನ್ನೂ ಪಿನ್ನಿಗೆ ಕಟ್ಟಿದ ತಂತಿಯನ್ನೂ ತೋರಿಸಿದ. ಕೊಂಡಿ ಕಳಚಿದರೆ ತಂತಿ ಪಿನ್ನನ್ನು ಕೀಳುತ್ತದೆ, ಆ ಬ್ಯಾಟರಿಯೇ ಬ್ರೇಕ್ ಹಾಕುತ್ತದೆ. "ಹಂಗಾದ್ರೆ ಮಾಡಿದವನು ಒಂದ್ಸಲ ಘಾಟ್ ಇಳಿದಿದ್ದಾನೆ" ಅಂತ ಮಾವ ಒಪ್ಪಿಕೊಂಡರು.

ಚಿಕಿತ್ಸೆ ಶುರುವಾಯಿತು. ಲೈನರ್ ಸವೆದಿರಬೇಕು ಅಂದರು, ಲೈನರ್ ಹೊಸದು. ನೀರು ತುಂಬಿರಬೇಕು ಅಂದರು. ತುಂಬಲು ಟ್ಯಾಂಕೇ ಇಲ್ಲ. ಮುಂದಿನ ಟೈರಿಗೆ ಹೊಸ ನಿಂಬೆಹಣ್ಣು ಇಡು ಅಂದರು. ಅಲ್ಲಿಯ ನಿಂಬೆಹಣ್ಣಿನ ರೇಟ್ ಕೇಳಿ ಆ ಮಾತು ಬಿಟ್ಟರು. ಅಷ್ಟರಲ್ಲಿ ಹುಡುಗ ಮೀಟರ್ ತಂದು ನೀಲಿ ವಯರಿಗೆ ಚುಚ್ಚಿದ. ಅಂಕಿ ಒಂದು ಸಲ ನಾಲ್ಕು, ಇನ್ನೊಂದು ಸಲ ಏಳು. ಕಂಟ್ರೋಲರ್ ಕರೆಂಟನ್ನು ಧಾರೆಯಾಗಿ ಬಿಡದೆ ತುಂಡು ತುಂಡಾಗಿ ಬಿಡುವುದರಿಂದ ಅಗ್ಗದ ಮೀಟರಿಗೆ ಅದು ತಿಳಿಯುವುದಿಲ್ಲವಂತೆ.

"ಮೀಟರ್ ಆಚೆ ಎಸಿ. ಅರ್ತಿಂಗ್ ತೋರ್ಸು."

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಮಾವ ಎಲ್ಲದಕ್ಕೂ ಅರ್ತಿಂಗ್ ಅನ್ನುತ್ತಾರೆ. ಮಿಕ್ಸಿ ನಿಂತರೆ ಅರ್ತಿಂಗ್, ಮಾರಿಯಮ್ಮನ ಹಬ್ಬದ ಮೈಕು ಗೊರಗೊರ ಅಂದರೆ ಅರ್ತಿಂಗ್, ನನಗೆ ಸೊಂಟ ಹಿಡಿದಾಗಲೂ "ಬರಿಗಾಲಲ್ಲಿ ನಡೀರಿ, ಅರ್ತಿಂಗ್ ಇಲ್ಲ ನಿಮಗೆ" ಅಂದಿದ್ದರು. ಸರಿ, ಹುಡುಗ ಟ್ರೇಲರಿನ ಕೆಳಗೆ ನುಗ್ಗಿದ. ಬಿಳಿ ವಯರಿನ ತುದಿ ಚೌಕಟ್ಟಿಗೆ ಒಂದು ಬೋಲ್ಟಿನಲ್ಲಿ ಬಿಗಿದಿತ್ತು. ಬೋಲ್ಟಿನ ಸುತ್ತ ಹಸಿರು ಕಿಲುಬು, ಕೆಳಗೆ ಕಬ್ಬಿಣದ ತುಕ್ಕು, ಎರಡರ ಮೇಲೂ ಯಾರೋ ಬಳಿದ ಕಪ್ಪು ಬಣ್ಣ. ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಲೋಹ ಹೊಳೆದ ಮೇಲೆ ಮತ್ತೆ ಬಿಗಿದ. ಡ್ಯಾಶ್‌ಬೋರ್ಡ್ ಟ್ರೇಲರನ್ನು ಗುರುತು ಹಿಡಿಯಿತು.

ಮೊದಲ ಮೂರು ಸಲಹೆಗಳು ಆ ಕ್ಷಣದಿಂದ ಯಾರ ನೆನಪಿನಲ್ಲೂ ಇಲ್ಲ. ಟೀ ಅಂಗಡಿಯಲ್ಲಿ ಈಗ ಓಡುತ್ತಿರುವ ಕತೆಯ ಪ್ರಕಾರ ಮಾವ ಫೋನ್ ಎತ್ತಿ "ಅರ್ತಿಂಗ್" ಅಂದು ಇಟ್ಟರು, ಅಷ್ಟೇ.

ಅವತ್ತು ಮಾವನನ್ನು ಸುಮ್ಮನಾಗಿಸಿದ್ದು ಬೇರೊಂದು. ನಾಲ್ಕೂ ಅಯಸ್ಕಾಂತಕ್ಕೆ ಕರೆಂಟು ಮುಟ್ಟುತ್ತಿದೆಯೋ ನೋಡಲು ಹುಡುಗ ಒಂದು ದಿಕ್ಸೂಚಿಯನ್ನು ಡ್ರಮ್ಮಿನ ಹಿಂಬದಿಗೆ ಹಿಡಿದು, ಹೆಂಡತಿಗೆ ಕಂಟ್ರೋಲರಿನ ಲಿವರ್ ಹಿಸುಕಲು ಕೂಗಿದ. ಮುಳ್ಳು ತಟ್ಟನೆ ತಿರುಗಿತು. ಬಿಟ್ಟರೆ ಹಿಂದಕ್ಕೆ ಬಂತು. ಹಿಸುಕಿದರೆ ಮತ್ತೆ ತಿರುಗಿತು. ಚಕ್ರ ಬಿಚ್ಚಲಿಲ್ಲ, ಟೀ ಚೆಲ್ಲಲಿಲ್ಲ. ಮಾವ ಬಾಯಿ ತೆರೆದುಕೊಂಡು ನೋಡಿದರು.

ಮನೆ ಕಟ್ಟಿಸಿದಾಗ ವಾಸ್ತುವಿನವರು ಬಿಟ್ಟು ಹೋದ ಒಂದು ದಿಕ್ಸೂಚಿ ದೇವರ ಗೂಡಿನಲ್ಲಿತ್ತು. ಮರುದಿನದಿಂದ ಅದು ಮಾವನ ಅಂಗಿಯ ಜೇಬಿನಲ್ಲಿದೆ. ಹೋದ ತಿಂಗಳು ನಾನು ಹೋದಾಗ ಉಕ್ಕಿನ ಸುರುಳಿ ಹೇರಿಕೊಂಡು ಇಳಿದು ಬಂದ ಟ್ರೇಲರ್ ಲಾರಿಯೊಂದು ಅಂಗಡಿಯ ಮುಂದೆ ನಿಂತಿತ್ತು. ಡ್ರೈವರು ಉತ್ತರದವನು, ಭಾಷೆ ಬಾರದು. ಮಾವ ಕುಕ್ಕರಗಾಲಲ್ಲಿ ಕೂತು ದಿಕ್ಸೂಚಿಯನ್ನು ಡ್ರಮ್ಮಿಗೆ ಹಿಡಿದಿದ್ದರು. ಅಷ್ಟು ಕಬ್ಬಿಣದ ಮುಂದೆ ಮುಳ್ಳು ಉತ್ತರ ದಿಕ್ಕನ್ನು ಬಿಟ್ಟು ಗಡಗಡ ನಡುಗಿ ಚಕ್ರದ ಕಡೆಗೆ ತಿರುಗಿತು. ಎರಡನೇ ಚಕ್ರಕ್ಕೂ ತಿರುಗಿತು. ಮೂರನೆಯದಕ್ಕೂ ತಿರುಗಿತು.

"ಮಾವ, ಇದು ಏರ್ ಬ್ರೇಕ್ ಅಲ್ವಾ? ಅಯಸ್ಕಾಂತ ಎಲ್ಲಿದೆ ಇದರಲ್ಲಿ?" ಅಂತ ಮೆಲ್ಲಗೆ ಕೇಳಿದೆ.

"ಗೊತ್ತು ಅಳಿಯಂದ್ರೇ" ಅಂದರು, ಮುಳ್ಳಿನಿಂದ ಕಣ್ಣು ತೆಗೆಯದೆ. "ನೀವು ಹೋಗಿ ಇನ್ನೊಂದು ಟೀ ಹೇಳಿ. ನಾಲ್ಕನೇ ಚಕ್ರ ಇನ್ನೂ ಬಾಕಿ ಇದೆ."