ಮಾರ್ಜಾಲ ಭಾವಪ್ರಕಾಶಿಕೆ

ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಗಿ, ಅಲ್ಲಿಯ ಚಿರತೆಗೆ ಸರಕಾರದ ಗೌರವವೂ ಕಾವಲೂ ದೊರೆತಿರುವಾಗ, ಅದೇ ಗುಡ್ಡದ ಬುಡದಲ್ಲಿರುವ ನಮ್ಮ ಡೋಣಿಯಲ್ಲಿ, ಅದೇ ಕುಲಕ್ಕೆ ಸೇರಿ, ಹಗಲೆಲ್ಲ ಜೋಳದ ಚೀಲದ ಮೇಲೆ ಮಲಗಿ ಇರುಳೆಲ್ಲ ಮಾಳಿಗೆಯ ಮೇಲೆ ಸಂಚರಿಸುವ ಬೆಕ್ಕಿನ ಮನೋಧರ್ಮವನ್ನು ಕುರಿತು ಒಂದು ಲಕ್ಷಣಗ್ರಂಥವೂ ನನ್ನ ಕಣ್ಣಿಗೆ ಬೀಳದಿದ್ದುದು ವಿಷಾದದ ಸಂಗತಿಯೇ ಸರಿ. ಹುಲಿಗೆ ಬೆಕ್ಕು ಚಿಕ್ಕಮ್ಮನಾಗಬೇಕೆಂಬುದನ್ನು ಬಾಲಕರೂ ಬಲ್ಲರು. ಈ ಸೀಮೆಯ ಲಕ್ಷ್ಮೇಶ್ವರವು ಪುಲಿಗೆರೆಯೆಂಬ ಹೆಸರಿನಲ್ಲಿ, ತಿರುಳ್ಗನ್ನಡದ ಊರುಗಳ ಸಾಲಿನಲ್ಲಿ, ಕವಿರಾಜಮಾರ್ಗವನ್ನೇ ಹೊಕ್ಕಿತು. ಹುಲಿಗೆ ಕೆರೆ ದೊರೆಯಿತು. ಚಿಕ್ಕಮ್ಮನಿಗೆ ಬಟ್ಟಲು ಹಾಲು, ಅದೂ ನೀರು ಬೆರೆಸಿದ್ದು.

ಮಾರ್ಜಾರ ಶಬ್ದವು ಒರೆಸು, ಶುಚಿಮಾಡು ಎಂಬರ್ಥದ ‘ಮೃಜ್’ ಧಾತುವಿನಿಂದ ಬಂದುದು. ಸದಾ ಮೈ ನೆಕ್ಕಿಕೊಳ್ಳುವುದನ್ನು ಕಂಡು ವೈಯಾಕರಣರು ಮೆಚ್ಚಿದರು. ಮನುವಾದರೋ ಡಾಂಭಿಕನನ್ನು ಬೈಯಲು ‘ಬೈಡಾಲವ್ರತಿಕ’ನೆಂದು ಇದರ ಹೆಸರನ್ನೇ ಎರವಲು ಪಡೆದನು. ನಮ್ಮ ಬೂದಿ (ಇದು ಬಣ್ಣದಿಂದ ಬಂದ ಹೆಸರು) ಈ ಎರಡು ಮತಗಳನ್ನೂ ಒಂದೇ ಬೆಳಗಿನಲ್ಲಿ ಪುಷ್ಟೀಕರಿಸಬಲ್ಲಳು.

ಭರತಮುನಿ 8 ಸ್ಥಾಯಿಭಾವಗಳನ್ನೂ 33 ವ್ಯಭಿಚಾರಿಭಾವಗಳನ್ನೂ ಎಣಿಸಿದ್ದಾನೆ. ಆದರೆ ಅವನ ನಟರಿಗೆ ಬಾಲವಿರಲಿಲ್ಲವಾಗಿ ಶಾಸ್ತ್ರವು ಅಪೂರ್ಣವಾಗಿ ಉಳಿಯಿತು. ಬಾಲವು ಧ್ವಜದಂತೆ ನೆಟ್ಟಗೆ ನಿಂತು ತುದಿಯಲ್ಲಿ ತುಸುವೇ ಬಾಗಿದ್ದರೆ ಹರ್ಷ. ಕುಳಿತಲ್ಲಿಯೇ ಅತ್ತಿತ್ತ ಬಡಿಯುತ್ತಿದ್ದರೆ ಅಮರ್ಷ: ಗುಡ್ಡದ ನೆತ್ತಿಯ ಗಾಳಿಯಂತ್ರಗಳು ತಿರುಗಲು ಗಾಳಿಯಾದರೂ ಬೇಕು, ಇದಕ್ಕೆ ನಾವು ಎದುರಿಗಿದ್ದರೆ ಸಾಕು. ರೋಮವೆಲ್ಲ ನಿಮಿರಿ, ಬೆನ್ನು ಬಿಲ್ಲಾಗಿ, ಬಾಲವು ಕಸಬರಿಗೆಯಾದರೆ ಭಯವೆಂದು 1872ರಷ್ಟು ಹಿಂದೆಯೇ ಡಾರ್ವಿನ್ ಮಹಾಶಯನು ಚಿತ್ರಸಹಿತ ಬರೆದಿಟ್ಟನು. ಕಿವಿಗಳು ಹಿಂದಕ್ಕೆ ಮಲಗಿ ತಲೆಗೆ ಅಂಟಿದರೆ, ಅದು ಭಯವೋ ರೌದ್ರವೋ ಎಂಬ ಚರ್ಚೆಯನ್ನು ಕೈ ಹಿಂತೆಗೆದುಕೊಂಡ ಬಳಿಕ ನಡೆಸುವುದು ಲೇಸು. ಅಂಗಾತ ಬಿದ್ದು ಹೊಟ್ಟೆ ತೋರಿಸುವುದು ವಿಶ್ವಾಸದ ದ್ಯೋತಕವೇ ಹೊರತು ಹೊಟ್ಟೆ ಮುಟ್ಟಲು ಆಮಂತ್ರಣವಲ್ಲ. ಇದಕ್ಕೆ ಪ್ರಮಾಣವು ನನ್ನ ಬಲ ಮುಂಗೈಯ ಮೇಲೆ ನಾಲ್ಕು ಸಮಾನಾಂತರ ರೇಖೆಗಳಾಗಿ ಉತ್ಕೀರ್ಣವಾಗಿದೆ. ಕಣ್ಣನ್ನು ಮೆಲ್ಲಮೆಲ್ಲನೆ ಮುಚ್ಚಿ ತೆರೆಯುವ ಸ್ನೇಹದೃಷ್ಟಿಯನ್ನು ಭರತನ 36 ದೃಷ್ಟಿಗಳಿಗೆ 37ನೆಯದಾಗಿ ಸೇರಿಸತಕ್ಕದ್ದು.

ಮೀಸೆಯ ಕೂದಲು ಬದಿಗೆ ಹನ್ನೆರಡರಂತೆ ಸುಮಾರು 24. ಹತ್ತಿರದ ದಂಬಳದಲ್ಲಿ ದೊಡ್ಡಬಸಪ್ಪನ ಗುಡಿಯ ನಕ್ಷತ್ರಾಕಾರದ ತಳಹದಿಗೂ ಕೋನಗಳು 24. ಇಷ್ಟರಿಂದಲೇ ಒಂದು ಡಾಕ್ಟರೇಟು ಸಂಪಾದಿಸುವವರು ಇದ್ದಾರೆ. ನಾನು ಮುಂದೆ ಸಾಗುತ್ತೇನೆ.

ಧ್ವನಿಪ್ರಕರಣವು ಗಹನವಾದುದು. ಬೆಳೆದ ಬೆಕ್ಕುಗಳು ತಮ್ಮತಮ್ಮೊಳಗೆ ‘ಮಿಯಾಂವ್’ ಎನ್ನುವುದು ಅಪರೂಪ. ಅದು ಬಹುಮಟ್ಟಿಗೆ ಮನುಷ್ಯರಿಗಾಗಿಯೇ ಮೀಸಲಾದ ಭಾಷೆ. ಅದರ ವಾಚ್ಯಾರ್ಥವು ‘ಹಸಿವಾಗಿದೆ’ ಎಂದಾದರೆ, ಲಕ್ಷ್ಯಾರ್ಥವು ನೆಲುವಿನ ಮೇಲಣ ಗಡಿಗೆ; ‘ಇದನ್ನು ಹೇಳಿಸಿಕೊಂಡು ತಿಳಿಯಬೇಕಾಯಿತೆ ನೀನು’ ಎಂಬುದು ವ್ಯಂಗ್ಯಾರ್ಥ. ಗುರುಗುಟ್ಟುವುದಂತೂ ಸುಖದಲ್ಲಿಯೂ ಉಂಟು, ನೋವಿನಲ್ಲಿಯೂ ಉಂಟು. ಆನಂದವರ್ಧನನಿಗೆ ಬೆಕ್ಕು ಸಾಕುವ ಯೋಗವಿದ್ದಿದ್ದರೆ ಧ್ವನ್ಯಾಲೋಕಕ್ಕೆ ಇನ್ನೊಂದು ಉದ್ಯೋತ ಬೇಕಾಗುತ್ತಿತ್ತು.

ಇಂತು ಲಕ್ಷಣಗಳನ್ನು ನಿಶ್ಚಯಿಸಿ ನಾನು ಬೂದಿಯ ಮೇಲೆ ಪ್ರಯೋಗಕ್ಕೆ ತೊಡಗಿದೆನು. ಕೆಲವು ದಿನಗಳಿಂದ ಅವಳು ನೆಲುವಿಗೆ ನೆಗೆಯದೆ, ಇಲಿ ಎದುರಿಗೆ ಹಾಯ್ದರೂ ತಲೆಯೆತ್ತದೆ, ಜನಸಂಪರ್ಕವನ್ನು ತೊರೆದು, ಕತ್ತಲೆಯ ಮೂಲೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ, ನನ್ನ ಪುಸ್ತಕದ ಪೆಟ್ಟಿಗೆಯ ಬಳಿ ಗಂಟೆಗಟ್ಟಲೆ ಅರೆಗಣ್ಣಿನಲ್ಲಿ ಕುಳಿತಿರುತ್ತಿದ್ದಳು. ನಿರ್ವೇದವೆಂಬ ವ್ಯಭಿಚಾರಿಭಾವವು ಪರಿಪಕ್ವಗೊಂಡು ಶಾಂತರಸಕ್ಕೆ ತಿರುಗಿದ ಈ ಅಪೂರ್ವ ನಿದರ್ಶನವನ್ನು ನಾನು ಹನ್ನೆರಡು ಪುಟಗಳಲ್ಲಿ ವಿವರಿಸಿ, ಹಾಳೆಗಳನ್ನು ಅದೇ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಹಾಕುವುದನ್ನು ಮರೆತೆನು.

ಆ ಸಂಜೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಆಯಿ ಹೊಸ್ತಿಲಲ್ಲಿಯೇ ನಿಂತು ಬೂದಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ಯಾಕೋ ತಮ್ಮಾ, ಒಂದ್ ಹಳೇ ಅರಿವಿ ಹಾಸಬಾರದ ಅದಕ್ಕ?”

“ಅದು ವೈರಾಗ್ಯದಾಗ ಐತಿ, ಆಯಿ.”

“ವೈರಾಗ್ಯ ಅಲ್ಲೋ, ತುಂಬಿದ ಬಸರಿ ಐತದು. ಇವತ್ತಿಲ್ಲ ನಾಳಿ ಮರಿ ಹಾಕತೈತಿ. ಕಣ್ಣ ಕಾಣಂಗಿಲ್ಲೇನ ನಿನಗ?”

ಹೆಪ್ಪು ಒಯ್ದರು. ಬೆಳಗಾಗುವಷ್ಟರಲ್ಲಿ ಶಾಂತರಸದ ಹನ್ನೆರಡು ಪುಟಗಳ ಮೇಲೆ ಮೂರು ಮರಿಗಳಿದ್ದವು.

ಮರಿಗಳು ಕಣ್ಣು ಬಿಡುವವರೆಗೆ, ಅಂದರೆ ಎಂಟು ಹತ್ತು ದಿನ, ಗ್ರಂಥದ ದ್ವಿತೀಯ ಸಂಪುಟವನ್ನು ಮುಟ್ಟಲು ನನಗೆ ಅಧಿಕಾರವಿರಲಿಲ್ಲ. ಈಗ ಮಾರ್ಜಾರಕಿಶೋರ ನ್ಯಾಯವು ಸಾಕ್ಷಾತ್ತಾಗಿ ಜಾರಿಯಲ್ಲಿದೆ: ತಾಯಿ ಕಚ್ಚಿ ಎತ್ತಿದಲ್ಲಿಗೆ ಮರಿ ಮೈ ಸಡಿಲಬಿಟ್ಟು ಹೋಗುತ್ತದೆ. ಒಂದನ್ನು ಆಯಿಯ ಹಿತ್ತಲಿನ ಸೊಪ್ಪಿಯ ಬಣವೆಗೆ ಸಾಗಿಸಿಯಾಗಿದೆ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುವುದೆಂಬುದು ಲೋಕಪ್ರತೀತಿ. ಆದ್ದರಿಂದ ನಮ್ಮ ಓಣಿಯ ಓದುಗ ಮಹಾಶಯರಲ್ಲಿ ಬಿನ್ನಹ. ಬೂದಿಯು ಮರಿಯನ್ನು ಕಚ್ಚಿಕೊಂಡು ನಿಮ್ಮ ಹೊಸ್ತಿಲಿಗೆ ಬಂದರೆ, ಬಾಲದ ಭಂಗಿಯನ್ನು ಗುರುತು ಹಾಕಿಕೊಳ್ಳುವ ತೊಂದರೆ ಬೇಡ. ಮೊದಲು ನಾಯಿಯನ್ನು ಕಟ್ಟಿರಿ.